ನಾಲ್ಕು ಕಿಲೋ ಮಗುವಿನ ಹಿಂದೆ ಎಷ್ಟು ಜನ?

ಮಂಗಳೂರು–ಬೆಂಗಳೂರು ಹೆದ್ದಾರಿಯ ಸಂಕಟ ತಿಳಿಯಬೇಕಾದರೆ ಹೆಗ್ಗದ್ದೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಇಲ್ಲಿಂದ ಅಡ್ಡಹೊಳೆವರೆಗೆ 26 ಕಿ.ಮೀ. ಶಿರಾಡಿ ಘಾಟಿ. 2015ರಲ್ಲಿ ಅರ್ಧ, 2018ರಲ್ಲಿ ಉಳಿದರ್ಧ ಕಾಂಕ್ರೀಟಾಯಿತು. ಎರಡು ಸಲವೂ ತಿಂಗಳುಗಟ್ಟಲೆ ರಸ್ತೆ ಬಂದ್. ಮಳೆಗಾಲದಲ್ಲಿ ಗುಡ್ಡ ಜರಿಯುವ ಭಯ. ಬೇಸಿಗೆಯಲ್ಲೂ ಲೋಡ್ ಲಾರಿಯೊಂದು ಗೇರ್ ಇಳಿಸಿಕೊಂಡು ಏರು ಹತ್ತತೊಡಗಿದರೆ ಅದರ ಹಿಂದೆ ಬುಲೆಟ್ ಟ್ಯಾಂಕರ್, ಟ್ಯಾಂಕರಿನ ಹಿಂದೆ ಬಸ್ಸು, ಬಸ್ಸಿನ ಹಿಂದೆ ಹಾರನ್ ಒತ್ತುವ ಕಾರುಗಳ ಸಾಲು.

ಮಂಗಳೂರು–ಬೆಂಗಳೂರು ನಡುವಿನ ದೂರ ಸುಮಾರು 350 ಕಿ.ಮೀ. ಸಾಮಾನ್ಯವಾಗಿ ಏಳೆಂಟು ಗಂಟೆಯ ದಾರಿ. 2020ರ ಫೆಬ್ರುವರಿಯಲ್ಲಿ 40 ದಿನದ ಕೂಸೊಂದನ್ನು ಹೃದಯದ ಚಿಕಿತ್ಸೆಗೆಂದು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಆಂಬುಲೆನ್ಸ್ ಮುಟ್ಟಿಸಿದ್ದು 4 ಗಂಟೆ 20 ನಿಮಿಷದಲ್ಲಿ. ಪತ್ರಿಕೆಗಳು ಚಾಲಕನನ್ನು ಹೊಗಳಿದವು, ಹೊಗಳಬೇಕಾದ್ದೇ. ಆದರೆ ಗಂಟೆಗೆ ಸರಾಸರಿ 80 ಕಿ.ಮೀ. ವೇಗ ಒಬ್ಬ ಚಾಲಕನಿಂದ ಆಗುವ ಮಾತಲ್ಲ. ‘ಝೀರೋ ಟ್ರಾಫಿಕ್’ ಎಂದರೆ ಊರೂರಿನ ಹುಡುಗರು, ಆಟೋದವರು, ಪೊಲೀಸರು ವಾಟ್ಸ್ಆ್ಯಪ್ ನೋಡಿ ರಸ್ತೆಗಿಳಿಯುವುದು, ‘ಮಗು ಬರ್ತಾ ಇದೆ, ಗಾಡಿ ಸೈಡಿಗೆ ಹಾಕಿ’ ಎಂದು ಕೂಗುವುದು. ಆ ವೇಗದಲ್ಲಿ ಆಂಬುಲೆನ್ಸ್ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಇನ್ನೂರು ಮೀಟರಿನಷ್ಟು ರಸ್ತೆ ಕಣ್ಣಿಗೆ ಬೀಳುವ ಜಾಗದಲ್ಲಿ ನಿಂತವನಿಗೆ ಅದು ಕಾಣುವುದು ಒಂಬತ್ತೇ ಸೆಕೆಂಡು. ಮಗುವಿನ ಮುಖವಂತೂ ಕಾಣುವುದೇ ಇಲ್ಲ. ಅಷ್ಟಕ್ಕಾಗಿ ಬಿಸಿಲಲ್ಲಿ ಕಾದು ನಿಂತವರನ್ನು ಯಾರೂ ಲೆಕ್ಕ ಇಟ್ಟಿಲ್ಲ. ಎಳೆಯ ಕೂಸಿನ ಹೃದಯ ನಿಮಿಷಕ್ಕೆ 140 ಸಲ ಬಡಿಯುತ್ತದೆಂದು ಹಿಡಿದರೆ, ಆ 4 ಗಂಟೆ 20 ನಿಮಿಷದಲ್ಲಿ 36,400 ಬಡಿತ.

ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಇನ್ನೊಂದು ಗುಂಪಿನ, ರಕ್ತದಾನಿಗಳ ಸರದಿ. ಇವರಂತೂ ರಸ್ತೆಯಲ್ಲೂ ಕಾಣಿಸಿಕೊಳ್ಳದವರು. ನಾಲ್ಕು ಕಿಲೋ ತೂಗುವ ಕೂಸಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 340 ಮಿಲಿಲೀಟರ್. ಶಿಬಿರದಲ್ಲಿ ಒಬ್ಬ ದಾನಿಯಿಂದ ಸಾಮಾನ್ಯವಾಗಿ ತೆಗೆಯುವುದು 350. ಅಂದರೆ ಕಾಲು ಗಂಟೆಯೊಳಗೆ ಒಂದು ಚೀಲಕ್ಕೆ ಇಳಿಯುವುದು ಒಂದು ಪೂರ್ತಿ ಮಗುವಿನ ರಕ್ತ! ಹೃದಯವನ್ನು ನಿಲ್ಲಿಸಿ ಶಸ್ತ್ರಚಿಕಿತ್ಸೆ ಮಾಡುವಾಗ ಹೃದಯ-ಶ್ವಾಸಕೋಶ ಯಂತ್ರದ ಕೊಳವೆಗಳು ಮೊದಲೇ ತುಂಬಿರಬೇಕು. ದೊಡ್ಡವರಿಗಾದರೆ ಸಲೈನಿನಂಥ ದ್ರಾವಣ ಸಾಕಾಗುತ್ತದೆ. ಎಳೆಗೂಸಿಗೆ ಹಾಗೆ ಮಾಡಿದರೆ ಇರುವ ಇಷ್ಟೇ ಇಷ್ಟು ರಕ್ತವೂ ನೀರಾಗಿಬಿಡುತ್ತದೆ. ಹಾಗಾಗಿ ಯಂತ್ರದೊಳಗೆ ಮೊದಲು ಸುತ್ತುವುದು ಯಾರೋ ದಾನಿಯ ರಕ್ತ.

ಆ ಒಂದು ಚೀಲದಲ್ಲಿರುವ ಕೆಂಪು ಕಣಗಳನ್ನು ಲೆಕ್ಕ ಹಾಕಿ ನೋಡಿ. ಘನ ಮಿಲಿಮೀಟರಿಗೆ 50 ಲಕ್ಷದಂತೆ 350 ಮಿಲಿಲೀಟರಿಗೆ ಒಂದೂಮುಕ್ಕಾಲು ಲಕ್ಷ ಕೋಟಿ. ರಾಜ್ಯ ಬಜೆಟ್ಟಿನ ಸುದ್ದಿಯಲ್ಲಿ ಕೇಳುವಂಥ ಸಂಖ್ಯೆ, ಇಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಚೀಲದಲ್ಲಿ. ಕೊಟ್ಟವನ ಎಲುಬಿನ ಮಜ್ಜೆಯಾದರೋ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣ ತಯಾರಿಸುತ್ತಾ, ಅವನು ಶಿಬಿರದ ಚಹಾ ಮುಗಿಸುವಷ್ಟರಲ್ಲೇ ನೂರು ಕೋಟಿಯಷ್ಟು ತುಂಬಿಕೊಟ್ಟಿರುತ್ತದೆ. ಇಷ್ಟಾದರೂ ಚೀಲದ ಬಾಳಿಕೆ ಅಲ್ಪ; ಕೆಂಪು ಕಣ ಬೇರ್ಪಡಿಸಿ ತಣ್ಣಗಿಟ್ಟರೂ ಹೆಚ್ಚೆಂದರೆ 42 ದಿನ. ಪ್ಲೇಟ್‌ಲೆಟ್ ಐದೇ ದಿನ. ಹೋದ ವರ್ಷದ ಔದಾರ್ಯ ಈ ವರ್ಷದ ಮಗುವಿಗೆ ದಕ್ಕುವುದಿಲ್ಲ.

ದುಡ್ಡಿನ ದಾನಿಗಳದು ಬೇರೆಯೇ ಪ್ರಮಾಣ. ಅಂಥವರ ನೆರವಿನಿಂದ ನಡೆಯುವ ಬೆಂಗಳೂರಿನ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ 2001ರ ಜನವರಿಯಲ್ಲಿ ಶುರುವಾದಾಗಿನಿಂದ ಹೃದಯದ ಆಪರೇಷನ್ನಿಗೂ ರೋಗಿಯಿಂದ ಹಣ ಪಡೆಯುವುದಿಲ್ಲ, ಬಿಲ್ ಕೌಂಟರೇ ಇಲ್ಲ. ಸಾವಿರ ಶಿಶುಗಳಲ್ಲಿ ಸುಮಾರು ಎಂಟಕ್ಕೆ ಹುಟ್ಟಿನಿಂದಲೇ ಹೃದಯದ ದೋಷ ಇರುತ್ತದೆಂಬುದನ್ನು ನೆನೆದರೆ, ಇಂಥ ಆಸ್ಪತ್ರೆಗಳು ಎಷ್ಟಿದ್ದರೂ ಕಡಿಮೆಯೇ.

ರಕ್ತ ಕೊಟ್ಟವರಿಗೆ ಮಾತ್ರ ಹಣ ಕೊಡುವಂತಿಲ್ಲ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಕೊಡುವುದು ನಿಷಿದ್ಧ. ಸಿಗುವುದು ಒಂದು ಬಿಸ್ಕತ್ ಪೊಟ್ಟಣ, ಒಂದು ಪ್ರಮಾಣಪತ್ರ. ಚೀಲದ ಮೇಲೆ ಸಂಖ್ಯೆ ಮತ್ತು ಗುಂಪು ಇರುತ್ತದೆ, ಹೆಸರಿಲ್ಲ; ಮಗುವಿನ ತಾಯಿ ಕೈಮುಗಿಯಬೇಕೆಂದರೂ ಯಾರಿಗೆಂದು ಮುಗಿದಾಳು? ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಹದಿನೆಂಟಕ್ಕೆ ಶುರುಮಾಡಿ ಅರವತ್ತೈದರವರೆಗೆ ಒಂದೂ ಸರದಿ ತಪ್ಪಿಸದವನ ಲೆಕ್ಕ 188 ಚೀಲ, ಹತ್ತಿರಹತ್ತಿರ 66 ಲೀಟರ್. ಅವನ ಮೈಯಲ್ಲಿ ಯಾವ ಹೊತ್ತಿಗೂ ಇದ್ದದ್ದು ಐದೇ ಲೀಟರು.