ಇಬ್ಬರಿಗೆ ಅರ್ಧ ಪಾವು ಬೇಳೆ

ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಯುಗಾದಿಯೆಂದರೆ 2 ಸೇರು ತೊಗರಿಬೇಳೆ. ಹಿರಿಯೂರಿನಿಂದ ದೊಡ್ಡ ನಾದಿನಿ, ಹೊಸದುರ್ಗದಿಂದ ಚಿಕ್ಕ ನಾದಿನಿ, ದುರ್ಗದಿಂದ ಮೈದುನ, ಎಲ್ಲರೂ ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಿದ್ದರು. ಅತ್ತೆ ಒಲೆಯ ಮುಂದೆ ಕೂತರೆ ನೂರಕ್ಕೂ ಮೀರಿ ಹೋಳಿಗೆ ಬೇಯುತ್ತಿದ್ದವು. ತಟ್ಟುವವರು ಇಬ್ಬರು, ಹೂರಣ ರುಬ್ಬುವವರು ಇಬ್ಬರು, ಕದ್ದು ತಿನ್ನುವವರು ಎಂಟು ಜನ.

2023ರಲ್ಲಿ ಅತ್ತೆ ತೀರಿಕೊಂಡರು. ವರ್ಷ ತುಂಬುವವರೆಗೆ ಹಬ್ಬ ಮಾಡುವಂತಿರಲಿಲ್ಲ. ಅಷ್ಟರಲ್ಲಿ ನಾದಿನಿಯರ ಮಕ್ಕಳೂ ದೊಡ್ಡವರಾಗಿ, ಅವರವರ ಮನೆಯಲ್ಲೇ ಹಬ್ಬ ಶುರುವಾಯಿತು. ನಮ್ಮ ಮಗಳು ಹೈದರಾಬಾದಿನಲ್ಲಿ ನರ್ಸ್. 2025ರ ಯುಗಾದಿ ಮಾರ್ಚ್ 30, ಭಾನುವಾರ. ಅವಳಿಗೆ ಅಂದೇ ಪಾಳಿ. "ಇಬ್ಬರಿಗೋಸ್ಕರ ಯಾಕೆ ಕಷ್ಟ? ಅಂಗಡಿಯಿಂದ ನಾಲ್ಕು ಹೋಳಿಗೆ ತಂದುಬಿಡಿ" ಎಂದಳು. ಅವಳ ಮಾತು ತಪ್ಪಲ್ಲ. ಆದರೆ ಹೋಳಿಗೆ ಬೇಯದ ಯುಗಾದಿಯ ಮನೆಗೆ ಯಾವ ವಾಸನೆ ಇರುತ್ತದೆ?

ಬೆಳಿಗ್ಗೆ ಎಣ್ಣೆಸ್ನಾನ, ಬೇವು ಬೆಲ್ಲ ಮುಗಿಯಿತು. ಹಗಲು ಮಾವಿನಕಾಯಿ ಚಿತ್ರಾನ್ನ, ಹೋಳಿಗೆ ಊಟ ಮಾತ್ರ ಸಂಜೆ ಚಂದ್ರನನ್ನು ನೋಡಿದ ಮೇಲೆ, ಇದು ನಮ್ಮ ಮನೆಯ ರೂಢಿ. ಮಧ್ಯಾಹ್ನ ಅಟ್ಟದ ಮೇಲಿನ ದೊಡ್ಡ ತಪ್ಪಲೆಯನ್ನು ಒಮ್ಮೆ ನೋಡಿದೆ. ಅದನ್ನು ಇಳಿಸಲು ಧೈರ್ಯ ಬರಲಿಲ್ಲ.

ಲೆಕ್ಕ ತಪ್ಪಿದ್ದು ಎಲ್ಲಿ?

4 ಪಾವಿಗೆ 1 ಸೇರು. 2 ಸೇರು ಎಂದರೆ 8 ಪಾವು. ಇಬ್ಬರಿಗೆ ಅರ್ಧ ಪಾವು ಸಾಕು, ಅಂದರೆ ಹಳೆಯ ಅಳತೆಯ 16ರಲ್ಲಿ ಒಂದು ಪಾಲು. ಅತ್ತೆ 2 ಸೇರಿಗೆ ಸುಮಾರು 8 ಲೀಟರ್ ನೀರಿಡುತ್ತಿದ್ದರು. ನಾನು ಜಾಣತನದಿಂದ 16ರಿಂದ ಭಾಗಿಸಿ ಅರ್ಧ ಲೀಟರ್ ನೀರಿಟ್ಟೆ. ಕನಕ ಕಲಸಿ ತಿರುಗಿ ನೋಡುವಷ್ಟರಲ್ಲಿ ನೀರೆಲ್ಲ ಇಂಗಿ ಬೇಳೆ ತಳ ಹಿಡಿದಿತ್ತು!

ಮಕ್ಕಳೇ, ಈ ಗಣಿತದಲ್ಲಿ ತಪ್ಪೆಲ್ಲಿ ಹೇಳಿ ನೋಡೋಣ. ಬೇಳೆ 16 ಪಾಲು ಕಡಿಮೆಯಾದರೂ ಪಾತ್ರೆಯ ಬಾಯಿ ಅಷ್ಟು ಕಿರಿದಾಗಲಿಲ್ಲ. ನೀರು ಆವಿಯಾಗುವುದು ಪಾತ್ರೆಯ ಅಗಲವನ್ನೂ ಒಲೆಯ ಉರಿಯನ್ನೂ ಅವಲಂಬಿಸಿ. ಒಳಗಿರುವ ಬೇಳೆ ಎಷ್ಟೆಂದು ಅದು ಕೇಳುವುದಿಲ್ಲ. ಕಡಿಮೆ ಅಡುಗೆಗೆ ಕಿರಿದಾದ ಪಾತ್ರೆ, ಸಣ್ಣ ಉರಿ, ಭಾಗಿಸಿ ಬಂದದ್ದಕ್ಕಿಂತ ಹೆಚ್ಚು ನೀರು ಬೇಕು.

ಸೀದ ಬೇಳೆಯನ್ನು ಕಂಡಾಗ ಕಣ್ಣಲ್ಲಿ ನೀರು ಬಂತು. ಅದು ಬೇಳೆಗಾಗಿ ಅಲ್ಲ ಎಂದು ನಮ್ಮೆಜಮಾನರಿಗೂ ಗೊತ್ತಾಯಿತು. ಏನೂ ಹೇಳದೆ ಪಾತ್ರೆ ತೆಗೆದುಕೊಂಡು ಹೋಗಿ ಹಿತ್ತಿಲಲ್ಲಿ ಉಜ್ಜತೊಡಗಿದರು. ಮೂವತ್ತು ವರ್ಷದ ಸಂಸಾರದಲ್ಲಿ ಹಬ್ಬದ ದಿನ ಅವರು ಅಡುಗೆಮನೆಗೆ ಬಂದದ್ದು ಅದೇ ಮೊದಲು. ಹಿಂದೆಲ್ಲ ಅಲ್ಲಿ ಅವರಿಗೆ ಜಾಗವೇ ಇರಲಿಲ್ಲ!

ಎರಡನೇ ಸಲ ಸರಿಯಾಯಿತು

ಅರ್ಧ ಪಾವು, ಅಂದರೆ ಸುಮಾರು 100 ಗ್ರಾಂ ಬೇಳೆಗೆ 4 ಲೋಟ ನೀರಿಟ್ಟೆ. ಬೆರಳಲ್ಲಿ ಹಿಚುಕಿದರೆ ಮುರಿಯುವಂತೆ ಬೆಂದಾಗ ಕಟ್ಟು ಬಸಿದೆ. 2 ಲೋಟ ಸಿಕ್ಕಿತು. ಬೇಳೆಗೆ ಅಷ್ಟೇ ತೂಕದ ಬೆಲ್ಲ ಹಾಕಿ, ನೀರಾರುವವರೆಗೆ ಕೈಬಿಡದೆ ತಿರುವಿದೆ. ಸ್ವಲ್ಪವೇ ಹೂರಣವಾದರೆ ತಳ ಬೇಗ ಹಿಡಿಯುತ್ತದೆ. ಏಲಕ್ಕಿ ಹಾಕಿ ರುಬ್ಬಬೇಕು. ಇಷ್ಟು ಸಣ್ಣ ಅಳತೆ ಮಿಕ್ಸಿಯ ದೊಡ್ಡ ಜಾರಿಗೆ ಸಿಗುವುದೇ ಇಲ್ಲ. ಒರಳು ತೊಳೆದು ಅದರಲ್ಲೇ ರುಬ್ಬಿದೆ.

ಕನಕಕ್ಕೆ 100 ಗ್ರಾಂ ಚಿರೋಟಿ ರವೆ, ಚಿಟಿಕೆ ಉಪ್ಪು, ಅರಿಸಿನ, ಮೇಲೆ ಧಾರಾಳವಾಗಿ ಎಣ್ಣೆ. ಎರಡು ಗಂಟೆ ನೆನೆಯಲೇಬೇಕು. ನೆನೆದಷ್ಟೂ ಹಿಟ್ಟಿನ ಬಿಗಿ ಸಡಿಲವಾಗಿ, ತಟ್ಟುವಾಗ ಹರಿಯದೆ ಹಿಗ್ಗುತ್ತದೆ. ಅವಸರ ಮಾಡಿದರೆ ಹೂರಣ ಹೊರಗೆ ಇಣುಕುತ್ತದೆ.

ಕಟ್ಟಿನ ಸಾರಿಗೆ ನಿಂಬೆಹಣ್ಣಿನ ಗಾತ್ರದ ಹೂರಣ ಎತ್ತಿಟ್ಟೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕೊಬ್ಬರಿ, ಚಕ್ಕೆ, ಲವಂಗ, ಸಾರಿನ ಪುಡಿ ರುಬ್ಬಿ, ಹುಣಸೆರಸದ ಜೊತೆ ಕುದಿಸಿದೆ. ಬೇಳೆಯ ನೀರೂ ಹಾಳಾಗದ, ಹೋಳಿಗೆಯ ಸಿಹಿಗೆ ಜೋಡಿಯೂ ಆಗುವ ಸಾರು ಇದು. ಮರುದಿನಕ್ಕೆ ಇನ್ನೂ ರುಚಿ.

ನಾನು ತಟ್ಟಿದೆ, ಅವರು ಬೇಯಿಸಿದರು. ಮೊದಲನೆಯದು ಮಡಚಿಕೊಂಡು ಭೂಪಟವಾಯಿತು. ಒಟ್ಟು ಏಳು ಹೋಳಿಗೆ.

ಒಂದೇ ಚಂದ್ರ

ಸೂರ್ಯ ಮುಳುಗುತ್ತಲೇ ತಾರಸಿ ಹತ್ತಿದೆವು. ಪಕ್ಕದ ತಾರಸಿಯಲ್ಲೂ ಜನ. ಅದು ರಂಜಾನಿನ ಕೊನೆಯ ಉಪವಾಸ. ನಮ್ಮಂತೆ ಅವರಿಗೂ ಚಂದ್ರ ಕಾಣಬೇಕಿತ್ತು. ಅಮಾವಾಸ್ಯೆ ಕಳೆದು ಪಡುವಣದಲ್ಲಿ ಮೂಡುವ ಎಳೆಯ ಗೆರೆ ನಮ್ಮ ಹಬ್ಬಕ್ಕೂ ಅವರ ಹಬ್ಬಕ್ಕೂ ಒಂದೇ. ನಮ್ಮೆಲ್ಲರ ಕನ್ನಡಕಗಳು ಹುಡುಕುತ್ತಿರುವಾಗಲೇ ಆ ಮನೆಯ ಮೂರನೇ ಕ್ಲಾಸಿನ ಹುಡುಗಿ "ಅಗೋ, ಅಡಿಕೆ ಮರದ ಮೇಲೆ!" ಎಂದು ಕೂಗಿದಳು. ಉಗುರಿನ ಚೂರಿನಷ್ಟು ಚಂದ್ರ.

ಚಂದ್ರನಿಗೆ ಕೈಮುಗಿದ ಮೇಲೆ ಮನೆಯ ಹಿರಿಯರ ಕಾಲಿಗೆ ಬೀಳುವುದು ಪದ್ಧತಿ. ಅಭ್ಯಾಸಬಲದಿಂದ ಇಬ್ಬರೂ ಹಿಂದೆ ತಿರುಗಿದೆವು. ಅಲ್ಲಿ ಯಾರೂ ಇರಲಿಲ್ಲ. ನಮ್ಮೆಜಮಾನರು ಮೆಲ್ಲಗೆ, "ಇನ್ನು ಮೇಲೆ ನಾವೇ ದೊಡ್ಡೋರು ಕಣೇ" ಎಂದರು.

ಕೆಳಗಿಳಿದು ಎಲೆ ಹಾಕಿಕೊಂಡು ಎದುರುಬದುರು ಕೂತೆವು. ಬಿಸಿ ಹೋಳಿಗೆ, ತುಪ್ಪ, ಸಾರು, ಕೋಸಂಬರಿ. ಬಡಿಸುವ ಗಡಿಬಿಡಿಯಿಲ್ಲದೆ ನಾನು ಹಬ್ಬದೂಟವನ್ನು ಬಿಸಿಯಾಗಿ ಉಂಡದ್ದು ಅಂದೇ ಇರಬೇಕು. ಮಗಳ ಫೋನ್ ಬಂತು. "ಎಷ್ಟು ಮಾಡಿದ್ರಿ?" "ಏಳು." ಅವಳು ನಕ್ಕಳು. ಆಮೇಲೆ, "ನನಗೊಂದು ಎತ್ತಿಡಮ್ಮ" ಎಂದಾಗ ಅವಳ ದನಿ ಸಣ್ಣಗಾಗಿತ್ತು.

ತಲಾ ಎರಡು ತಿಂದು, ಉಳಿದ ಮೂರನ್ನು ಡಬ್ಬಿಗೆ ಹಾಕಿ ಚಂದ್ರನನ್ನು ಮೊದಲು ಕಂಡವಳ ಮನೆಗೆ ಕೊಟ್ಟು ಬಂದೆ. ಮಗಳ ಪಾಲಿನದೂ ಅದರಲ್ಲಿತ್ತು. ಮರುದಿನ ಡಬ್ಬಿ ಸುರ್ಕುಂಬ ತುಂಬಿಕೊಂಡು ಮರಳಿತು. ತಂದ ಹುಡುಗಿ ಹೊಸ್ತಿಲಲ್ಲೇ ನಿಂತು, "ಅಜ್ಜೀ, ಭೂಪಟದ ಹೋಳಿಗೆ ನಾನೇ ತಿಂದೆ" ಎಂದಳು.

ಮುಂದಿನ ಯುಗಾದಿಗೆ ಮುಕ್ಕಾಲು ಪಾವು ಹಾಕಬೇಕು.