ಅಂಗೈಯಗಲದ ತಾಯ್ತನ

ಈ ಸಮ್ಮೇಳನಕ್ಕೆ ಬಂದಿರುವ ಗೃಹಿಣಿಯರಲ್ಲಿ ಅನೇಕರ ತಾಯಂದಿರು ಬಾಣಂತನಕ್ಕೆಂದೇ ಸಾಗರ ದಾಟಿ ಅಮೆರಿಕೆಗೆ ಬಂದವರು. ಆ ವಿದ್ಯೆಯನ್ನು ಅಮ್ಮನಿಂದ ಕಲಿತೆನೆಂಬ ಹೆಮ್ಮೆ ನನಗೂ ಇತ್ತು. ಆದುದರಿಂದಲೇ, ಮೂರು ಪೌಂಡು ತೂಗುವ ನಮ್ಮ ಚಿವಾವಾ ನಾಯಿ ಚಿನ್ನಿಗೆ ಒಮ್ಮೆ ಮರಿಗಳಾಗಲೆಂದು ಮಗಳು ಹಟ ಹಿಡಿದಾಗ ನಾನೂ ತಲೆಯಾಡಿಸಿದೆ.

ಪಶುವೈದ್ಯೆ ಒಪ್ಪಲಿಲ್ಲ. ಮೆಕ್ಸಿಕೋ ಮೂಲದ ಈ ತಳಿಯ ತೂಕ 6 ಪೌಂಡು ಮೀರಬಾರದೆಂಬುದು ಅಮೆರಿಕನ್ ಕೆನಲ್ ಕ್ಲಬ್ಬಿನ ನಿಯಮ. ಚಿನ್ನಿಯದು ಅದರಲ್ಲೂ ಅರ್ಧ. ‘ಟೀಕಪ್’ ಎಂಬುದಂತೂ ಮಾರುವವರು ಕಟ್ಟಿದ ಹೆಸರು, ತಳಿಯಲ್ಲ. ಸುಮಾರು 63 ದಿನಗಳ ಗರ್ಭದಲ್ಲಿ ಮರಿ ಒಂದೇ ಇದ್ದರೆ ಅದು ದಪ್ಪವಾಗಿ ಬೆಳೆಯುತ್ತದೆ. ತಾಯಿಯ ಕಟಿ ಕಿರಿದು, ಮರಿಯ ದುಂಡುತಲೆ ಹಿರಿದು. ಸಿಕ್ಕಿಕೊಂಡರೆ ಸಿಸೇರಿಯನ್ನೇ ಗತಿ. ಹಾಲೂಡಿಸುವಾಗ ರಕ್ತದ ಕ್ಯಾಲ್ಸಿಯಂ ಕುಸಿದು ಮೈ ಸೆಟೆಯುವ ಭಯವೂ ಪುಟ್ಟ ತಳಿಗಳಿಗೇ ಹೆಚ್ಚು. ಹಾಗಾದರೆ ಬಸುರಿನಲ್ಲೇ ಕ್ಯಾಲ್ಸಿಯಂ ಮಾತ್ರೆ ಕೊಡೋಣವೆಂದೆ. ಅದರಿಂದ ಅಪಾಯ ಇನ್ನೂ ಹೆಚ್ಚುತ್ತದಂತೆ! ನನ್ನ ಬಾಣಂತನದ ವಿದ್ಯೆ ಅಲ್ಲಿಗೆ ಮುಗಿಯಿತು.

ಮಗಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಚಿನ್ನಿಯನ್ನು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಯ್ದಳು. ಮರಿಗಳಿಗೆಂದು ಎತ್ತಿಟ್ಟಿದ್ದ ಹಳೆಯ ಹತ್ತಿ ಸೀರೆಯನ್ನು ಆ ರಾತ್ರಿ ಚಿನ್ನಿಗೇ ಹಾಸಿದೆ.