ಎಂಟು ಟೆರಾಬೈಟುಗಳ ಸ್ಥಳಾಂತರ

ಹಳೆಯ ಕಪಾಟಿನಿಂದ ತೆಗೆದ ಪುಸ್ತಕವೇ ಹೊಸ ಕಪಾಟಿನಲ್ಲಿ ಹೋಗಿ ಕೂರುತ್ತದೆ. ಕಂಪ್ಯೂಟರುಗಳ ವಿಷಯದಲ್ಲಿ ಹಾಗಲ್ಲ. ಒಂದು ಯಂತ್ರದಿಂದ ಮತ್ತೊಂದಕ್ಕೆ ದತ್ತಾಂಶವನ್ನು ಸಾಗಿಸಿದೆವೆಂದು ನಾವು ಹೇಳುವೆವಾದರೂ ಅಲ್ಲಿ ಯಾವ ವಸ್ತುವೂ ಸಾಗಿರುವುದಿಲ್ಲ. ಹೊಸ ಯಂತ್ರದಲ್ಲಿ ಒಂದು ನಕಲು ಸಿದ್ಧವಾಗುತ್ತದೆ. ಅನಂತರ ಮೂಲವನ್ನು ಅಳಿಸಲಾಗುತ್ತದೆ. ಈ ಎರಡು ಕಾರ್ಯಗಳ ನಡುವೆ ಏನು ನಡೆಯಬೇಕೆಂಬುದನ್ನು ಬಹುಮಂದಿ ಆಲೋಚಿಸುವುದಿಲ್ಲ. ಮನೆಮಂದಿಯ ಇಪ್ಪತ್ತು ವರ್ಷಗಳ ಭಾವಚಿತ್ರಗಳೂ, ತೀರಿಹೋದ ಹಿರಿಯರ ಧ್ವನಿಯೂ ಉಳಿಯುವುದು ಅಥವಾ ಅಳಿಯುವುದು ಅಲ್ಲಿಯೇ.

ಈಗ ಹಲವು ಮನೆಗಳಲ್ಲಿ ನಾಸ್ ಎಂಬ ಪೆಟ್ಟಿಗೆಯೊಂದನ್ನು ಕಾಣಬಹುದು. ಎರಡೋ ನಾಲ್ಕೋ ಹಾರ್ಡ್ ಡಿಸ್ಕುಗಳು, ಅವನ್ನು ನಡೆಸುವ ಒಂದು ಸಣ್ಣ ಕಂಪ್ಯೂಟರು, ಮನೆಯ ಜಾಲಕ್ಕೆ ಸೇರಿಸುವ ಒಂದು ತಂತಿ, ಇಷ್ಟೇ ಅದರ ಅಂಗಗಳು. ೧೯೫೬ರಲ್ಲಿ ಐಬಿಎಂ ಕಂಪೆನಿಯು ರಾಮಾಕ್ ಯಂತ್ರದೊಡನೆ ಹೊರತಂದ ಮೊದಲ ಡಿಸ್ಕ್ ಸಂಗ್ರಾಹಕವು ೫೦ ತಟ್ಟೆಗಳಿಂದ ಕೂಡಿದ್ದು, ಸುಮಾರು ಒಂದು ಟನ್ ತೂಗುತ್ತಿತ್ತು. ಅದು ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಎಂಟು ಟೆರಾಬೈಟುಗಳೆಂದರೆ ೮ ಲಕ್ಷ ಕೋಟಿ ಬೈಟುಗಳು. ಅಷ್ಟನ್ನಿಡಲು ಅಂತಹ ೧೬ ಲಕ್ಷ ಸಂಗ್ರಾಹಕಗಳು ಬೇಕಾಗುತ್ತಿದ್ದವು!

ಈ ರಾಶಿಯು ಹೊಸ ಪೆಟ್ಟಿಗೆಗೆ ಹೋಗಲು ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿ ನೋಡೋಣ. ಮನೆಯ ತಂತಿಯು ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಗಿಗಾಬಿಟ್ಟನ್ನು ಒಯ್ಯಬಲ್ಲುದು. ಇದು ಬಿಟ್ಟುಗಳ ಲೆಕ್ಕವೇ ಹೊರತು ಬೈಟುಗಳದ್ದಲ್ಲ. ಎಂಟು ಬಿಟ್ಟುಗಳಿಗೆ ಒಂದು ಬೈಟು. ಆದುದರಿಂದ ಸೆಕೆಂಡಿಗೆ ೧೨೫ ಮೆಗಾಬೈಟುಗಳಾದವು. ಪ್ರತಿಯೊಂದು ಕಂತಿನ ಮೇಲೂ ವಿಳಾಸ ಮೊದಲಾದುವನ್ನು ಬರೆಯಬೇಕಾದುದರಿಂದ ಕೈಗೆ ದಕ್ಕುವುದು ೧೧೦ರ ಆಸುಪಾಸು. ಈ ವೇಗದಲ್ಲಿ ಎಂಟು ಟೆರಾಬೈಟುಗಳಿಗೆ ಇಪ್ಪತ್ತು ಗಂಟೆಗಳಿಗೂ ಮಿಕ್ಕಿ ಕಾಲ ಹಿಡಿಯುತ್ತದೆ. ಚಿಕ್ಕ ಚಿಕ್ಕ ಕಡತಗಳು ಲಕ್ಷಗಟ್ಟಲೆ ಇದ್ದರಂತೂ ಇನ್ನೂ ಹೆಚ್ಚು; ಒಂದೊಂದನ್ನೂ ತೆರೆದು ಮುಚ್ಚುವುದರಲ್ಲಿಯೇ ಹೊತ್ತು ಕಳೆಯುವುದು. ಹತ್ತು ಪಟ್ಟು ವೇಗದ ತಂತಿಯನ್ನು ಹಾಕಿದರೆ ಕೆಲಸವು ಹತ್ತರಲ್ಲೊಂದು ಪಾಲು ಕಾಲದಲ್ಲಿ ಮುಗಿಯುವುದೆ? ಇಲ್ಲ. ಆಗ ತಂತಿಗೆ ಬದಲಾಗಿ ಡಿಸ್ಕಿನ ವೇಗವೇ ಮಿತಿಯಾಗುತ್ತದೆ.

ರಾಶಿಯು ಮಿತಿಮೀರಿದಾಗ ಡಿಸ್ಕುಗಳನ್ನೇ ಹೊತ್ತೊಯ್ಯುವುದು ಲೇಸು. ೨೦೧೭ರ ಏಪ್ರಿಲ್ ತಿಂಗಳಲ್ಲಿ ಕಪ್ಪುಕುಳಿಯ ಚಿತ್ರಕ್ಕಾಗಿ ಹಲವು ದೂರದರ್ಶಕಗಳು ಕಲೆಹಾಕಿದ ಸುಮಾರು ಐದು ಪೆಟಾಬೈಟುಗಳು ವಿಮಾನದಲ್ಲಿಯೇ ಪ್ರಯಾಣ ಮಾಡಿದವು. ದಕ್ಷಿಣ ಧ್ರುವದ ಡಿಸ್ಕುಗಳಂತೂ ಅಲ್ಲಿಯ ಚಳಿಗಾಲ ಮುಗಿದು ವಿಮಾನವಿಳಿಯುವವರೆಗೆ ಕಾಯಬೇಕಾಯಿತು. ಮನೆಯಲ್ಲಿ ಈ ಉಪಾಯ ಸುಲಭವಲ್ಲ. ನಾಸ್ ಪೆಟ್ಟಿಗೆಯಲ್ಲಿ ಒಂದೇ ಕಡತದ ತುಂಡುಗಳು ಹಲವು ಡಿಸ್ಕುಗಳ ಮೇಲೆ ಹಂಚಿಹೋಗಿರುವುದುಂಟು. ಆ ಹಂಚಿಕೆಯ ಕ್ರಮವನ್ನು ಬೇರೊಂದು ಪೆಟ್ಟಿಗೆ ತಿಳಿಯದೆ ಹೋಗಬಹುದು.

ಆದುದರಿಂದ ಹಳೆಯ ಡಿಸ್ಕುಗಳು ಇಡೀ ದಿನ ಬಿಡುವಿಲ್ಲದೆ ಓದಬೇಕು. ಮುದಿಯಾದ ಯಂತ್ರಕ್ಕೆ ಇದು ಅಗ್ನಿಪರೀಕ್ಷೆ. ಸಾಧಾರಣ ಡಿಸ್ಕುಗಳ ತಯಾರಕರು ೧೦೦ ಲಕ್ಷ ಕೋಟಿ ಬಿಟ್ಟುಗಳನ್ನು, ಎಂದರೆ ೧೨.೫ ಟೆರಾಬೈಟುಗಳನ್ನು ಓದುವಾಗ ಒಂದೆಡೆ ಓದು ಕೈಕೊಡಬಹುದೆಂದು ಮಿತಿಯನ್ನು ಹೇಳಿರುವುದುಂಟು. ನಮ್ಮ ರಾಶಿಯು ಆ ಸಂಖ್ಯೆಗೆ ತೀರ ದೂರವಾಗಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ನಡುವೆ ವಿದ್ಯುತ್ತು ಹೋದರೆ ಮೊದಲಿನಿಂದ ಆರಂಭಿಸಬೇಕೆ? ಬೇಕಿಲ್ಲ. ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ ಎಂಬುವರು ೧೯೯೬ರಲ್ಲಿ ರಚಿಸಿದ ಆರ್‌ಸಿಂಕ್ ಎಂಬ ಕ್ರಮವಿಧಿಯು ಎರಡು ಕಡೆಗಳನ್ನು ಹೋಲಿಸಿ, ಇಲ್ಲದಿರುವುದನ್ನು ಮಾತ್ರ ಕಳುಹಿಸುತ್ತದೆ. ಆದರೆ ಬೇರೆ ಆಜ್ಞೆಯಿಲ್ಲದಿದ್ದರೆ ಅದು ನೋಡುವುದು ಕಡತದ ಗಾತ್ರವನ್ನೂ ಕೊನೆಯ ಬದಲಾವಣೆಯ ವೇಳೆಯನ್ನೂ ಮಾತ್ರ. ಒಳಗಿನ ಬಿಟ್ಟೊಂದು ಕೆಟ್ಟಿದ್ದು ಇವೆರಡೂ ಸರಿಯಾಗಿದ್ದರೆ ಅದಕ್ಕೆ ಕಾಣದು.

ಇಲ್ಲಿ ನೆರವಿಗೆ ಬರುವುದು ಷಾ-೨೫೬ ಮೊದಲಾದ ಗಣಿತಕ್ರಮಗಳು. ಕಡತವು ಎಷ್ಟೇ ದೊಡ್ಡದಿರಲಿ, ಅದನ್ನೆಲ್ಲ ಅರೆದು ೨೫೬ ಬಿಟ್ಟುಗಳ ಒಂದು ಬೆರಳಚ್ಚನ್ನು ಇವು ಕೊಡುತ್ತವೆ. ಕಡತದಲ್ಲಿ ಒಂದೇ ಬಿಟ್ಟು ಬದಲಾದರೂ ಬೆರಳಚ್ಚಿನ ಸುಮಾರು ಅರ್ಧದಷ್ಟು ಬಿಟ್ಟುಗಳು ಬದಲಾಗುವುವು. ಹಳೆಯ ಪೆಟ್ಟಿಗೆಯಲ್ಲಿ ಒಮ್ಮೆ, ಹೊಸದರಲ್ಲಿ ಡಿಸ್ಕಿನಿಂದ ಮರಳಿ ಓದಿಸಿ ಒಮ್ಮೆ ಬೆರಳಚ್ಚು ತೆಗೆದು ಹೋಲಿಸಬೇಕು. ಎರಡೂ ಒಂದೇ ಆದರೆ ನಕಲು ಮೂಲದಂತಿದೆಯೆಂದು ನಂಬಬಹುದು. ಮೂಲವು ಸರಿಯಾಗಿದೆಯೆಂದು ಮಾತ್ರ ಇದರಿಂದ ತಿಳಿಯದು! ಮೂರು ವರ್ಷಗಳ ಹಿಂದೆಯೇ ಹಾಳಾಗಿದ್ದ ಚಿತ್ರವು ಹಾಳಾಗಿಯೇ ನಿಷ್ಠೆಯಿಂದ ನಕಲಾಗುವುದು. ಸನ್ ಮೈಕ್ರೋಸಿಸ್ಟಮ್ಸ್ ೨೦೦೫ರಲ್ಲಿ ಬಿಡುಗಡೆ ಮಾಡಿದ ಜೆಡ್‌ಎಫ್‌ಎಸ್ ವ್ಯವಸ್ಥೆಯು ಬರೆಯುವಾಗಲೇ ಪ್ರತಿ ತುಂಡಿಗೂ ತಾಳೆಯ ಸಂಖ್ಯೆಯನ್ನು ಇಟ್ಟುಕೊಂಡು, ಓದುವಾಗ ಅದರೊಡನೆ ಒರೆಹಚ್ಚಿ ನೋಡುವುದರಿಂದ ಅಂತಹ ಕೇಡನ್ನು ಗುರುತಿಸಬಲ್ಲುದು.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರಿಗೆ ಇನ್ನೊಂದು ತೊಡಕುಂಟು. ‘ಜೋಗ’ ಎಂಬ ಹೆಸರನ್ನು ತೆಗೆದುಕೊಳ್ಳೋಣ. ಯೂನಿಕೋಡ್ ಪದ್ಧತಿಯಲ್ಲಿ ಇದರ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನಿಳಿ, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಮ್ಯಾಕ್ ಕಂಪ್ಯೂಟರುಗಳಲ್ಲಿ ೧೯೯೮ರಿಂದ ಬಹುಕಾಲ ಬಳಕೆಯಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯು ಎರಡನೆಯ ರೀತಿಯನ್ನು ಅನುಸರಿಸುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕಾದರೋ ಒಂದು ಮೂರು ಸಂಕೇತಗಳ ಹೆಸರು, ಇನ್ನೊಂದು ಐದರದು. ಹೀಗಾಗಿ ಒಂದೇ ಹೆಸರಿನ ಎರಡು ಕಡತಗಳು ಪಕ್ಕಪಕ್ಕದಲ್ಲಿ ಕಾಣಿಸಿಕೊಂಡು ದಿಗಿಲು ಹುಟ್ಟಿಸುವುದುಂಟು.

ತಾಳೆ ಸರಿಹೋದ ಮೇಲೂ ಹಳೆಯದನ್ನು ಒಡನೆಯೇ ಅಳಿಸುವುದು ತರವಲ್ಲ. ಒಂದು ಡಿಸ್ಕು ಕೆಟ್ಟರೆ ಉಳಿದವುಗಳಿಂದ ಅದರ ಅಂಶವನ್ನು ಲೆಕ್ಕಹಾಕಿ ಪಡೆಯುವ ರೈಡ್ ಏರ್ಪಾಡು ಹೊಸ ಪೆಟ್ಟಿಗೆಯಲ್ಲಿರಬಹುದು. ಆದರೆ ಕೈತಪ್ಪಿ ಅಳಿಸಿದ ಕಡತವನ್ನು ಅದು ಎಲ್ಲ ಡಿಸ್ಕುಗಳಿಂದಲೂ ಅಳಿಸಿಬಿಡುತ್ತದೆ. ಹೊಸ ಡಿಸ್ಕುಗಳು ಕೆಲವು ತಿಂಗಳು ದುಡಿದು ತೋರಿಸುವವರೆಗೆ ಹಳೆಯವು ಬೀರುವಿನಲ್ಲಿರಲಿ. ಆಮೇಲೆ ಅವನ್ನು ಮಾರುವುದಾದರೆ ಕಡತಗಳನ್ನು ಅಳಿಸಿದರೆ ಸಾಲದು. ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ಸೂಚಿಯಲ್ಲಿನ ನಮೂದು ಮಾತ್ರ. ಒಳಗಿನ ಅಂಶವು ಹಾಗೆಯೇ ಉಳಿದಿರುವುದು. ಡಿಸ್ಕಿನ ಮೇಲೆಲ್ಲ ಸೊನ್ನೆಗಳನ್ನು ಬರೆಯಿಸಬೇಕು. ಎಂಟು ಟೆರಾಬೈಟುಗಳ ಡಿಸ್ಕಿಗೆ, ಸೆಕೆಂಡಿಗೆ ೨೦೦ ಮೆಗಾಬೈಟುಗಳಂತೆ, ಹನ್ನೊಂದು ಗಂಟೆಗಳು ಬೇಕು.